ಮಹಾರಾಜರ ನಂತರದ ಹೆಸರು

ಹಲಸೂರಿಗೂ ಮರ್ಫಿ ಟೌನಿಗೂ ನಡುವೆ ಇದ್ದ ಆ ಪುಟ್ಟ ಕನ್ನಡ ಚರ್ಚಿನಲ್ಲಿ ಭಾನುವಾರದ ದೊಡ್ಡ ಪ್ರಾರ್ಥನೆಗೆಂದು ಒಂದು ಪಟ್ಟಿ ಇತ್ತು. ಮೊದಲು ಚಕ್ರವರ್ತಿಗಳು, ಆಮೇಲೆ ರಾಣಿಯವರು, ವೈಸರಾಯರು, ರೆಸಿಡೆಂಟ್ ಸಾಹೇಬರು, ಕಡೆಗೆ ಮೈಸೂರು ಮಹಾರಾಜರು. ಇವರೆಲ್ಲರ ಕ್ಷೇಮವನ್ನೂ ದೇವರಿಗೆ ಒಪ್ಪಿಸಿ ಆದ ಮೇಲೆ, 'ಯುದ್ಧರಂಗದಲ್ಲಿರುವ ಸಕಲ ಸೈನಿಕರನ್ನೂ' ಎಂದು ಉಳಿದವರನ್ನೆಲ್ಲ ಒಂದೇ ಬುಟ್ಟಿಗೆ ತುಂಬಿ ಆಮೆನ್ ಹೇಳಿಬಿಟ್ಟರೆ ಮುಗಿಯಿತು. ಅರಮನೆಯಲ್ಲಿ ಇರುವವರಿಗೆ ಒಬ್ಬೊಬ್ಬರಿಗೂ ಒಂದೊಂದು ಪ್ರಾರ್ಥನೆ, ಕಾಡಿನಲ್ಲಿ ಇರುವವರಿಗೆಲ್ಲ ಸೇರಿ ಒಂದು. ಇದು ಯಾವ ಊರಿನ ನ್ಯಾಯ ಎಂದು ಹದಿನೈದು ವರ್ಷದಿಂದ ಯಾರೂ ಕೇಳಿರಲಿಲ್ಲ.

ಕೇಳಿದ್ದು ೧೯೪೪ರ ಜೂನ್ ತಿಂಗಳ ಒಂದು ಭಾನುವಾರ. ಅದೂ ನೇರವಾಗಿ ಕೇಳಿದ್ದಲ್ಲ. ಪಾದ್ರಿ ಹೆನ್ರಿ ಅಯ್ಯನವರಿಗೆ ಗೂರಲು. 'ಮೈಸೂರು ಮಹಾರಾಜರನ್ನೂ' ಎಂದಾದ ಮೇಲೆ ಉಸಿರು ಎಳೆದುಕೊಳ್ಳಲು ಅವರು ಒಂದು ಗಳಿಗೆ ನಿಲ್ಲಲೇಬೇಕು. ಅವತ್ತು ಹಾಗೆ ನಿಂತರು. ಆ ಸಂದಿನಲ್ಲಿ ಹೆಂಗಸರ ಕಡೆಯಿಂದ ಒಂದು ಧ್ವನಿ ಬಂತು.

"ನಮ್ಮ ಜಯಶೀಲನ್ನೂ."

ಕಣ್ಣು ಮುಚ್ಚಿ ಕೈಜೋಡಿಸಿ ನಿಂತಿದ್ದ ಸಭಾ ಕಮಿಟಿಯ ಕಾರ್ಯದರ್ಶಿ ಸಂಜೀವಪ್ಪ ಕಣ್ಣು ಬಿಡಲಿಲ್ಲ. ಬಿಡುವ ಅಗತ್ಯವೂ ಇರಲಿಲ್ಲ. ಇಪ್ಪತ್ತೇಳು ವರ್ಷದಿಂದ 'ಬರ್ತಾ ಹುಣಸೆಹಣ್ಣು ತನ್ನಿ' ಎಂದು ಹೇಳುತ್ತಿದ್ದ ಧ್ವನಿ ಅದು. ಅವನ ಹೆಂಡತಿ ರೂತಮ್ಮ.

ಜಯಶೀಲ ಅವರ ಒಬ್ಬನೇ ಮಗ. ಮಿಲಿಟರಿ ಲಾರಿ ಓಡಿಸಲು ಸೇರಿ ಬರ್ಮಾ ಗಡಿಗೆ ಹೋದವನು. ತಿಂಗಳಿಗೆ ಎರಡು ಕಾರ್ಡು ಬರೆಯುತ್ತಿದ್ದ ಹುಡುಗನಿಂದ ಮೂರು ತಿಂಗಳಾದರೂ ಒಂದು ಕಾರ್ಡಿಲ್ಲ. ರೂತಮ್ಮ ಪ್ರತಿದಿನ ಟಪಾಲಿನವನ ದಾರಿ ಕಾಯುವಳು. ಸಂಜೀವಪ್ಪ ಕಾಯುವುದಿಲ್ಲ ಎಂದು ತೋರಿಸಿಕೊಳ್ಳುವನು.

ಅಂದು ಚರ್ಚಿನಿಂದ ಮನೆಗೆ ನಡೆಯುವಾಗ ಅವನು ಹೆಂಡತಿಯನ್ನು ತರಾಟೆಗೆ ತೆಗೆದುಕೊಂಡ. ತರಾಟೆ ಎಂದರೆ ಸಂಜೀವಪ್ಪನ ಮಟ್ಟದ ತರಾಟೆ, ಮೆಲ್ಲಗೆ, ಆಚೀಚೆ ನೋಡಿಕೊಂಡು.

"ಅಲ್ವೇ, ಹೆಸರು ಹೇಳಿ ಪ್ರಾರ್ಥನೆ ಮಾಡೋದು ಯಾರ್ಗೆ ಅಂತ ಗೊತ್ತಿಲ್ವಾ ನಿಂಗೆ? ಒಂದು, ಸಾಯೋಕ್ ಬಿದ್ದಿರೋರ್ಗೆ. ಇನ್ನೊಂದು, ಸತ್ತೋರ ಮನೆಯೋರ್ಗೆ. ನಮ್ ಸಭೇಲಿ ಮೂರನೇದು ಇಲ್ಲ."

"ಮಹಾರಾಜ್ರು ಸಾಯೋಕ್ ಬಿದ್ದಿದಾರಾ?"

"ಅವ್ರು ಪಟ್ಟೀಲಿದಾರೆ. ಹುಡುಗ ಸಕಲ ಸೈನಿಕರಲ್ಲಿ ಬಂದ್ನಲ್ಲ, ಅದು ಸಾಲ್ದಾ?"

"ಬೀದೀಲಿ ನಿಂತ್ಕೊಂಡು ಎಲ್ರೂ ಊಟಕ್ ಬನ್ರಿ ಅಂದ್ರೆ ಯಾರ್ ಬರ್ತಾರೆ? ಹೆಸರು ಹಿಡಿದು ಕರೀಬೇಕು ರೀ. ದೇವ್ರಿಗೂ ಅಷ್ಟೇ."

ಮಿಲಿಟರಿ ಉಗ್ರಾಣದ ಆಫೀಸಿನಲ್ಲಿ ಇಪ್ಪತ್ತನಾಲ್ಕು ವರ್ಷ ಗುಮಾಸ್ತಿಕೆ ಮಾಡಿದವನು ಸಂಜೀವಪ್ಪ. ಉತ್ತರ ಹೊಳೆಯದ ಪ್ರಶ್ನೆಯನ್ನು ಕೆಳಗಿನ ಖಾನೆಗೆ ಹಾಕಿ ಬೀಗ ಹಾಕುವುದು ಅವನ ಅಭ್ಯಾಸ.

ಮುಂದಿನ ಭಾನುವಾರ ಹೆನ್ರಿ ಅಯ್ಯನವರು ಉಪಾಯ ಮಾಡಿದರು. ಮಹಾರಾಜರ ಬಳಿ ನಿಲ್ಲದೆ ರಾಣಿಯವರ ಬಳಿಯೇ ಉಸಿರು ತೆಗೆದುಕೊಂಡರು. ರೂತಮ್ಮ ಅಲ್ಲಿಯೇ ಸೇರಿಸಿದಳು. ಹೀಗಾಗಿ ಮರ್ಫಿ ಟೌನಿನ ಲಾರಿ ಡ್ರೈವರ್ ಜಯಶೀಲ ಒಂದೇ ವಾರದಲ್ಲಿ ಮಹಾರಾಜರನ್ನೂ ವೈಸರಾಯರನ್ನೂ ದಾಟಿ ರಾಣಿಯವರ ಪಕ್ಕಕ್ಕೆ ಬಡ್ತಿ ಪಡೆದ. ಮೂರನೆಯ ಭಾನುವಾರ ಅಯ್ಯನವರು ಎಲ್ಲೂ ನಿಲ್ಲಲೇ ಇಲ್ಲ. ಚಕ್ರವರ್ತಿಗಳಿಂದ ಹೊರಟು ಮಹಾರಾಜರವರೆಗೆ ಒಂದೇ ಉಸಿರಿನಲ್ಲಿ ಓಡಿದರು. ಮುಖ ಕೆಂಪಾಯಿತು, ಆಮೇಲೆ ನೀಲಿಯಾಯಿತು, 'ಸಕಲ' ಎನ್ನುವಷ್ಟರಲ್ಲಿ ಕೆಮ್ಮು ಒತ್ತರಿಸಿಕೊಂಡು ಬಂದು ಪೀಠ ಹಿಡಿದುಕೊಂಡು ಬಗ್ಗಿಬಿಟ್ಟರು. ಅವರು ಕೆಮ್ಮಿ ಸುಧಾರಿಸಿಕೊಳ್ಳುವುದರೊಳಗೆ ರೂತಮ್ಮ ಸಾವಕಾಶವಾಗಿ ಎರಡು ಸಲ ಹೇಳಿ ಮುಗಿಸಿದಳು.

ನಾಲ್ಕನೆಯ ವಾರ ಕೆಲಸ ಕೆಟ್ಟಿತು. ಲಿಂಗರಾಜಪುರದಿಂದ ಬರುತ್ತಿದ್ದ ದೊಡ್ಡಮುನಿಯಮ್ಮ ದೀಕ್ಷಾಸ್ನಾನವಾಗಿ ಹತ್ತು ವರ್ಷವಾದರೂ ಹಳೆಯ ಹೆಸರನ್ನೂ ಹಾಲಿನ ವ್ಯಾಪಾರವನ್ನೂ ಬಿಟ್ಟಿರಲಿಲ್ಲ. ಆಕೆ ರೂತಮ್ಮನ ಹಿಂದೆಯೇ, "ನಮ್ಮ ಗಬ್ಬದ ಎಮ್ಮೇನೂ ಸ್ವಾಮೀ" ಎಂದಳು. ಗಂಡಸರ ಕಡೆಯಿಂದ ಯಾರೋ ಮುದುಕರು ತಮ್ಮ ಎಡ ಮೊಣಕಾಲನ್ನು ಸೇರಿಸಿದರು. ಬೆಂಚುಗಳ ಮೇಲೆ ನಗು ಕಿಸಕ್ಕೆಂದಿತು. ಅದೇ ಸಂಜೆ ಪಾದ್ರಿಯವರ ಕೋಣೆಯಲ್ಲಿ ಕಮಿಟಿ ಸೇರಿತು.

ಕಮಿಟಿಯ ಹಿರಿಯರು ದೇವದಾನಪ್ಪನವರು. ರೈಲ್ವೆ ಗಾರ್ಡಾಗಿ ನಿವೃತ್ತರಾದವರು. ಅವರ ಪಾಲಿಗೆ ಪ್ರಪಂಚದಲ್ಲಿ ಇದ್ದದ್ದು ಎರಡೇ, ಹಸಿರು ಬಾವುಟ, ಕೆಂಪು ಬಾವುಟ. ಈ ವಿಷಯದಲ್ಲಿ ಅವರು ಕೆಂಪನ್ನು ಹಿಡಿದೇ ಬಂದಿದ್ದರು.

"ಇವತ್ತು ಎಮ್ಮೆ. ನಾಳೆ ಕೋಳಿ, ನಾಡಿದ್ದು ಕೋಳಿ ಮೊಟ್ಟೆ. ಇದು ಸಭೆಯೋ ಸಂತೆಯೋ?"

ಹೆನ್ರಿ ಅಯ್ಯನವರು ಮೆತ್ತಗಿನ ಮನುಷ್ಯ. "ಆ ಹುಡುಗನ ಹೆಸರು ಒಂದ್ಸಲ ನಾನೇ ಹೇಳ್ಬಿಟ್ರೆ ಹೇಗೆ?" ಎಂದು ಗಂಟಲು ಸವರಿಕೊಳ್ಳುತ್ತ ಕೇಳಿದರು. ಆಗಲೇ ಧ್ವನಿ ಗೊಗ್ಗರಾಗಿತ್ತು.

"ಹೇಳಿ. ನಮ್ ಸಭೆಯಿಂದ ಯುದ್ಧಕ್ಕೆ ಹೋಗಿರೋರು ಹದಿನೇಳು ಜನ. ಒಬ್ರುದ್ದು ಹೇಳಿದ್ರೆ ಹದಿನೇಳೂ ಹೇಳ್ಬೇಕು. ಯಾರನ್ನ ಮೊದಲು ಹೇಳ್ತೀರಿ?" ಎಂದರು ದೇವದಾನಪ್ಪನವರು.

ಕೇಳಬಾರದ ಪ್ರಶ್ನೆ ಕೇಳಿದ ಹಾಗಾಯಿತು. ಅಕ್ಷರಮಾಲೆಯ ಕ್ರಮದಲ್ಲಿ ಎಂದರು ಒಬ್ಬರು. ಹಾಗಾದರೆ ಅಡುಗೆಯವನಾಗಿ ಹೋದ ಅಬ್ರಹಾಮನ ಹೆಸರು ಹವಾಲ್ದಾರನಿಗಿಂತ ಮೊದಲು ಬರುತ್ತದೆ, ಅದು ಹೇಗೆ ಸರಿ ಎಂದರು ಹವಾಲ್ದಾರನ ಮಾವ. ಹದಿನೇಳು ಜನ ಮಹಾರಾಜರ ಮೊದಲೋ ಆಮೇಲೋ ಎಂಬುದಕ್ಕೇ ಒಂದು ಗಂಟೆ ಹಿಡಿಯಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹುಡುಕುವ ಜಾತಿ ಇದು. ಕೊನೆಗೆ ಕೊಡಲಿ ಸಿಕ್ಕಿತು. ಪ್ರಾರ್ಥನೆಗೆ ಅಡ್ಡಿ ಮಾಡಿದ ಸದಸ್ಯೆಗೆ ಸಮಜಾಯಿಷಿ ಕೇಳಿ ನೋಟೀಸು ಕೊಡುವುದು, ಏಳು ದಿನದೊಳಗೆ ಉತ್ತರ ತರಿಸುವುದು.

ನೋಟೀಸು ಬರೆದು ಜಾರಿ ಮಾಡಬೇಕಾದವನು ಕಾರ್ಯದರ್ಶಿ. ಎಲ್ಲರೂ ಒಟ್ಟಿಗೆ ಮೇಲಿನ ತೊಲೆ ನೋಡತೊಡಗಿದರು.

"ಕ್ರಮದ ಪ್ರಕಾರ ನಾನೇ ಕೊಡ್ಬೇಕು. ಕೊಡ್ತೀನಿ," ಎಂದ ಸಂಜೀವಪ್ಪ. ಹೇಳುವಾಗ ಅವನ ಎದೆ ಒಂದಿಷ್ಟು ಉಬ್ಬಿತೆಂಬುದನ್ನೂ ಹೇಳಿಬಿಡಬೇಕು. ಹತ್ತೊಂಬತ್ತು ವರ್ಷ ಆ ಕುರ್ಚಿಯಲ್ಲಿ ಕೂತಿದ್ದ. ಆಫೀಸಿನಲ್ಲಿ ಅವನನ್ನು 'ಏಯ್' ಎಂದು ಕರೆಯುತ್ತಿದ್ದರು. ಇಲ್ಲಿ 'ಕಾರ್ಯದರ್ಶಿಗಳೇ' ಎನ್ನುತ್ತಿದ್ದರು. ಆ ಪದವಿ ಒಂದು ಇಲ್ಲದಿದ್ದರೆ ತಾನು ಯಾರು ಎಂದು ಅವನಿಗೇ ಗೊತ್ತಿರಲಿಲ್ಲ.

ಮಾರನೆಯ ದಿನ ಸಂಜೆ ಮನೆಗೆ ಬಂದವನು ಕೋಟು ಬಿಚ್ಚಲಿಲ್ಲ. ಹೊಸಿಲು ದಾಟಿದವನು ಏನೋ ನೆನಪಾಗಿ ಮತ್ತೆ ಹೊರಗೆ ಹೋಗಿ, ಪೇಟ ಸರಿಮಾಡಿಕೊಂಡು, ತನ್ನ ಮನೆಯ ಬಾಗಿಲನ್ನು ತಾನೇ ತಟ್ಟಿದ. ಪಕ್ಕದ ಮನೆಯ ಶಂಶುನ್ನೀಸಾ ಬೀ ಗೋಡೆಯ ಮೇಲಿಂದ ಇಣುಕಿ, ಈ ಮನುಷ್ಯನಿಗೆ ಬಿಸಿಲು ತಲೆಗೇರಿದೆ ಎಂದುಕೊಂಡಳು.

"ಕಮಿಟಿ ಕಾರ್ಯದರ್ಶಿಯಾಗಿ ಬಂದಿದೀನಿ. ನೋಟೀಸಿದೆ," ಎಂದ.

ರೂತಮ್ಮ ರಾಗಿ ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು. "ಊಟಕ್ ಇರ್ತೀರಾ, ಇಲ್ಲ ನೋಟೀಸ್ ಕೊಟ್ಟು ಹೋಗ್ತೀರಾ?"

ರೂತಮ್ಮನಿಗೆ ಓದು ಬರದು. ಆದ್ದರಿಂದ ಕಾರ್ಯದರ್ಶಿಯೇ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕಾಯಿತು. ತಲುಪಿದ್ದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕಾಯಿತು. ಕಮಿಟಿಯ ಕಾಗದದ ಮೇಲೆ ಅರ್ಧ ಶಾಯಿ, ಅರ್ಧ ರಾಗಿ ಹಿಟ್ಟು ಅಂಟಿತು. ಆಮೇಲೆ ಅವನು ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಕೈಕಾಲು ತೊಳೆದು, ಗಂಡನಾಗಿ ಬಂದು ಕೂತ. ಉತ್ತರ ಬರೆದುಕೊಡಲು ಮನೆಯಲ್ಲಿ ಬೇರೆ ಯಾರಿದ್ದರು?

"ಬರ್ಕೊಳ್ಳಿ," ಎಂದಳು ರೂತಮ್ಮ. "ಪಾದ್ರಿ ಅಯ್ಯೋರ್ಗೆ ಮಕ್ಕಳಿಲ್ಲ, ಅವ್ರನ್ನ ಬಿಟ್ಟೆ. ದೇವದಾನಪ್ಪೋರ್ಗೆ ಮನಸ್ಸಾಕ್ಷಿ ಇಲ್ಲ, ಅವ್ರನ್ನೂ ಬಿಟ್ಟೆ. ನಾನು ದೇವ್ರ ಜೊತೆ ಮಾತಾಡೋವಾಗ ನೀವ್ಗಳು ಯಾಕ್ರಪ್ಪ ಮಧ್ಯೆ ಬಾಯಿ ಹಾಕ್ತೀರಿ?"

ಸಂಜೀವಪ್ಪ ಲೇಖನಿ ಅದ್ದಿ ಹೀಗೆ ಬರೆದ: 'ತಮ್ಮ ಉಲ್ಲೇಖಿತ ಪತ್ರವು ತಲುಪಿ ಪರಮ ಸಂತೋಷವಾಯಿತು. ಅಡ್ಡಿ ಎಂಬ ಪದದ ವಿಷಯದಲ್ಲಿ ಉಭಯ ಪಕ್ಷದವರೂ ಪುನರಾಲೋಚಿಸಬೇಕಾಗಿ ವಿನಂತಿ.'

ಕಮಿಟಿಯಲ್ಲಿ ಅವನೇ ಅದನ್ನು ಎದ್ದು ನಿಂತು ಓದಿದ. ಓದುತ್ತಾ ಓದುತ್ತಾ ಅವನಿಗೇ ಮೆಚ್ಚಿಕೆಯಾಯಿತು. ದೇವದಾನಪ್ಪನವರು ಮೀಸೆ ಕಡಿದರು.

"ಈಯಮ್ಮಂಗೆ ಹಿಂದಿನಿಂದ ಯಾರೋ ಬುದ್ಧಿವಂತ ಬರ್ಕೊಡ್ತಿದಾನೆ. ಯಾರು ಅಂತ ಕಾರ್ಯದರ್ಶಿಗಳು ಪತ್ತೆ ಮಾಡ್ಬೇಕು."

"ಪತ್ತೆ ಮಾಡೋದು," ಎಂದು ಸಂಜೀವಪ್ಪ ನಡವಳಿ ಪುಸ್ತಕದಲ್ಲಿ ಬರೆದುಕೊಂಡ.

ಹೀಗೆ ಜುಲೈ ಕಳೆಯಿತು. ಕಮಿಟಿಯ ಪರವಾಗಿ ಸಂಜೀವಪ್ಪ ಗದರಿಸಿ ಬರೆಯುವನು. ಸದಸ್ಯೆಯ ಪರವಾಗಿ ಸಂಜೀವಪ್ಪ ನಯವಾಗಿ ತಿರುಗಿಸಿ ಬರೆಯುವನು. ಯುದ್ಧಕಾಲದಲ್ಲಿ ಬಿಳಿ ಕಾಗದಕ್ಕೆ ಅಷ್ಟು ಅಭಾವವಿದ್ದರೂ ಕಡತ ಒಂದು ಗೇಣು ದಪ್ಪವಾಯಿತು. ಒಂದೊಂದು ಸಲ ತನ್ನ ನೋಟೀಸಿಗೆ ತಾನೇ ಕೊಟ್ಟ ಉತ್ತರಕ್ಕೆ ಏನು ಉತ್ತರ ಕೊಡಬೇಕೆಂದು ತೋಚದೆ ಆಫೀಸಿನ ಹೊತ್ತಿನಲ್ಲೂ ಕುಳಿತು ಯೋಚಿಸುತ್ತಿದ್ದ. ಅದರಲ್ಲಿ ಅವನಿಗೆ ಒಳಗೊಳಗೇ ಹಿತವೂ ಇತ್ತು. ಕಾಗದ ಬರೆಯುತ್ತ ಕೂತಷ್ಟು ಹೊತ್ತು ಬಾರದ ಕಾಗದದ ನೆನಪು ಬರುತ್ತಿರಲಿಲ್ಲ.

ರೂತಮ್ಮ ಮಾತ್ರ ವಾರ ತಪ್ಪಿಸಲಿಲ್ಲ. ಅಯ್ಯನವರು ಗಂಟಲು ಹರಿಯುವಂತೆ ಜೋರಾಗಿ ಪ್ರಾರ್ಥಿಸಿ ಅವಳ ಧ್ವನಿಯನ್ನು ಮುಳುಗಿಸಲು ನೋಡಿದರು. ಅವಳೂ ಅದಕ್ಕೆ ತಕ್ಕಂತೆ ಏರಿಸಿದಳು. ಬೀದಿಯಲ್ಲಿ ಹೋಗುವವರು ಒಳಗೆ ಜಗಳವಾಗುತ್ತಿದೆ ಎಂದು ಕಿಟಕಿಯ ಬಳಿ ನಿಲ್ಲುತ್ತಿದ್ದರು.

ಆಗಸ್ಟ್ ಮೊದಲ ವಾರ ದೇವದಾನಪ್ಪನವರಿಗೆ ಪತ್ರಗಳು ಸಾಕಾದವು. ಅವರು ಹೆಂಗಸಿನ ಮಾತು ಬಿಟ್ಟು ಗಂಡನ ಕಡೆ ತಿರುಗಿದರು.

"ಮನೆ ಗೆದ್ದು ಮಾರು ಗೆಲ್ಲು ಅಂತಾರೆ. ಮನೇಲಿ ಒಂದು ಬಾಯಿ ಮುಚ್ಚಿಸೋಕಾಗದೋರು ಸಭೆ ಕಾರ್ಯದರ್ಶಿಯಾಗಿ ಇರ್ಬೇಕಾ? ಇನ್ನೊಂದ್ಸಲ ಆಕೆ ಬಾಯಿ ಬಿಟ್ರೆ ಸಂಜೀವಪ್ಪೋರು ಕುರ್ಚಿ ಬಿಡ್ಬೇಕು. ಬರ್ಕೊಳ್ಳಿ."

ಹೆನ್ರಿ ಅಯ್ಯನವರು ಏನೋ ಹೇಳಲು ಬಾಯಿ ತೆರೆದರು. ಗಾಳಿ ಬಂತೇ ಹೊರತು ಮಾತು ಬರಲಿಲ್ಲ. ಸಂಜೀವಪ್ಪ ಬರೆದುಕೊಂಡ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಡವಳಿ ಪುಸ್ತಕದಲ್ಲಿ ಶಾಯಿ ಚೆಲ್ಲಿತು.

ಅಂದು ಅವನು ಬಾಗಿಲು ತಟ್ಟಲಿಲ್ಲ. ಸುಮ್ಮನೆ ಬಂದು ಜಗಲಿಯ ಮೇಲೆ ಕೂತ. ಅವನ ಮುಖ ನೋಡಿದ ರೂತಮ್ಮ ತಾನೇ ಅವನ ಜೇಬಿಗೆ ಕೈಹಾಕಿ ಕಾಗದ ತೆಗೆದು, "ಓದಿ," ಎಂದಳು. ಓದಿದ. ಅವಳು ಪಕ್ಕದಲ್ಲಿ ಬಂದು ಕೂತಳು.

"ಕುರ್ಚಿ ಹೋದ್ರೆ ನೀವು ಏನ್ ಮಾಡ್ತೀರಿ?"

"ಏನ್ ಮಾಡೋದು. ಬೆಂಚಿನ ಮೇಲ್ ಕೂತ್ಕೋತೀನಿ," ಎಂದ ಸಂಜೀವಪ್ಪ. ಧ್ವನಿ ಕೇಳಿದರೆ ಬೆಂಚಿನ ಮೇಲಲ್ಲ, ಬಾವಿಯ ಒಳಗೆ ಕೂರುವವನ ಹಾಗಿತ್ತು.

"ಬರ್ಕೊಳ್ಳಿ ಹಾಗಾದ್ರೆ. ರೂತಮ್ಮ ಇನ್ಮೇಲೆ ಚರ್ಚಲ್ಲಿ ಬಾಯಿ ಬಿಡಲ್ಲ. ಅಷ್ಟೇ. ಅದ್ರಲ್ಲಿ ಉಲ್ಲೇಖ ಗಿಲ್ಲೇಖ ಸೇರಿಸ್ಬೇಡಿ."

ಮೊದಲ ಸಲ ಅವನು ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದ. ಅವಳು ಕೈ ಒರೆಸಿಕೊಂಡು ಬಂದು ಸ್ವಚ್ಛವಾಗಿ ಹೆಬ್ಬೆಟ್ಟು ಒತ್ತಿದಳು. ಅವನಿಗೆ ಜೀವ ಬಂದಂತಾಯಿತು. ಕಾಗದ ಮಡಿಸುತ್ತಿದ್ದಾಗ ಅವಳು ಕೇಳಿದಳು.

"ಅಲ್ಲ ರೀ, ಈ ನಾಲ್ಕೈದು ತಿಂಗಳಲ್ಲಿ ನೀವು ಒಂದ್ಸಲನಾದ್ರೂ ಅವನ ಹೆಸ್ರು ಹೇಳಿದೀರಾ? ಹುಡುಗ ಅಂತೀರಿ, ಅವನು ಅಂತೀರಿ, ಸದರಿ ಸೈನಿಕ ಅಂತ ಬರೀತೀರಿ. ಹೆಸ್ರು ಹೇಳಿದ್ದು ನಾನ್ ಕೇಳಿಲ್ಲ."

ನಿಜವಾಗಿತ್ತು. ಹೆಸರು ಹೇಳಿದರೆ ಎಲ್ಲಿ ಅದು ಮರಣದ ಪ್ರಾರ್ಥನೆಯ ಹೆಸರಾಗಿಬಿಡುತ್ತದೋ ಎಂದು ಸಂಜೀವಪ್ಪನಿಗೆ ಭಯ. ಬೆಳಗಾದರೆ ಭಯ, ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಭಯ, ಕೇಳದಿದ್ದರೆ ಇನ್ನೂ ಭಯ. "ಕಡತ ಮುಚ್ಬೇಕು," ಎಂದು ಎದ್ದು ಒಳಗೆ ಹೋದ.

ಭಾನುವಾರ ಬಂತು. ಎರಡು ತಿಂಗಳು ರೂತಮ್ಮನ ಜೊತೆ ಪೈಪೋಟಿ ನಡೆಸಿದ ಹೆನ್ರಿ ಅಯ್ಯನವರ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಹದಿನೈದು ದಿನ ತುಟಿ ಬಿಚ್ಚಬಾರದೆಂದು ಡಾಕ್ಟರು ಹೇಳಿದ್ದರು. ಪಾದ್ರಿಯವರಿಗೆ ಆಗದಿದ್ದರೆ ದೊಡ್ಡ ಪ್ರಾರ್ಥನೆಯನ್ನು ಕಾರ್ಯದರ್ಶಿ ಓದಬೇಕು, ಅದು ಕ್ರಮ. ಸಂಜೀವಪ್ಪ ಕೋಟಿಗೆ ಇಸ್ತ್ರಿ ಹಾಕಿಸಿಕೊಂಡು ಬಂದು ಪೀಠ ಹತ್ತಿದ. ಉಳಿದುಕೊಂಡ ಕುರ್ಚಿ, ಮೇಲೆ ಪೀಠ ಬೇರೆ. ಇಷ್ಟು ದೊಡ್ಡ ದಿನ ಅವನ ಜೀವಮಾನದಲ್ಲಿ ಬಂದಿರಲಿಲ್ಲ.

"ನಮ್ಮ ಚಕ್ರವರ್ತಿಗಳನ್ನೂ," ಎಂದು ಓದಿದ. ರಾಣಿಯವರನ್ನೂ ಓದಿದ. ವೈಸರಾಯರು, ರೆಸಿಡೆಂಟರು, ಎಲ್ಲರನ್ನೂ ಅಚ್ಚುಕಟ್ಟಾಗಿ ದೇವರಿಗೆ ರವಾನಿಸಿದ. "ಮೈಸೂರು ಮಹಾರಾಜರನ್ನೂ," ಎಂದ.

ನಿಂತ.

ಅವನಿಗೆ ಗೂರಲು ಇರಲಿಲ್ಲ. ಆದರೆ ಒಂಬತ್ತು ಭಾನುವಾರ ಆ ಜಾಗದಲ್ಲಿ ಒಂದು ಹೆಸರು ಕೇಳಿ ಕಿವಿಗೆ ರೂಢಿಯಾಗಿಬಿಟ್ಟಿತ್ತು. ಹೆಸರು ಬರಲಿಲ್ಲ. ಸಭೆಯೆಲ್ಲ ತಲೆ ತಗ್ಗಿಸಿಕೊಂಡೇ ಕಾಯುತ್ತಿತ್ತು. ದೇವದಾನಪ್ಪನವರು ಒಂದು ಕಣ್ಣು ಬಿಟ್ಟು ಹೆಂಗಸರ ಕಡೆ ಕಾವಲು ಕಾಯುತ್ತಿದ್ದರು. ಸಂಜೀವಪ್ಪನೂ ಕಣ್ಣು ಬಿಟ್ಟು ನೋಡಿದ. ರೂತಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು, ಅದರ ಮೇಲೆ ಎರಡೂ ಕೈ ಒತ್ತಿ ಹಿಡಿದು ನಿಂತಿದ್ದಳು. ಕೊಟ್ಟ ಮಾತು ತಪ್ಪಬಾರದಲ್ಲ.

ಅವನು ಕಾಗದ ನೋಡಿದ. 'ಯುದ್ಧರಂಗದಲ್ಲಿರುವ ಸಕಲ' ಎಂದು ಅವನದೇ ಕೈಬರಹದಲ್ಲಿ ದುಂಡಗೆ ಬರೆದಿತ್ತು. ನಾಲಿಗೆ ಅಲ್ಲಿಗೆ ಹೋಗಲಿಲ್ಲ. ಅವಳು ಬಾಯಿ ಕಟ್ಟಿಕೊಂಡದ್ದು ತನ್ನ ಒಂದು ಮರದ ಕುರ್ಚಿಗೋಸ್ಕರ. ನಾಚಿಕೆಗೆಟ್ಟ ಬಾಳು ತನ್ನದು ಅನ್ನಿಸಿಬಿಟ್ಟಿತು.

"ನಮ್ಮ," ಎಂದ. ಕಾಗದ ಮಡಿಸಿಟ್ಟ. "ನಮ್ಮ ಜಯಶೀಲನ್ನೂ."

ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. "ಎಲ್ಲಿದಾನೋ ಗೊತ್ತಿಲ್ಲ ಸ್ವಾಮೀ. ಐದು ತಿಂಗಳಾಯ್ತು, ಕಾಗದ ಇಲ್ಲ. ಇವಳು ಹೇಳ್ಕೊಂಡ್ಳು, ನಾನ್ ಹೇಳ್ಕೊಂಡಿಲ್ಲ. ನಂಗೆ ತುಂಬ ಭಯ ಆಗ್ತಿದೆ. ಅವನ್ನ ನೋಡ್ಕೊ."

ಯಾರೂ ನಗಲಿಲ್ಲ. ಹೆನ್ರಿ ಅಯ್ಯನವರ ತುಟಿ ಧ್ವನಿಯಿಲ್ಲದೆ ಅಲ್ಲಾಡಿತು. ಆಮೇಲೆ ಗಂಡಸರ ಕಡೆಯಿಂದ ಒಂದು ಹೆಸರು, ಹೆಂಗಸರ ಕಡೆಯಿಂದ ಎರಡು, ಹೀಗೆ ಹದಿನೇಳೂ ಬಂದವು. ಅಬ್ರಹಾಮ ಹವಾಲ್ದಾರನಿಗಿಂತ ಮೊದಲೇ ಬಂದ. ಹವಾಲ್ದಾರನ ಮಾವ ಆಕ್ಷೇಪಿಸಲಿಲ್ಲ.

ಆರಾಧನೆ ಮುಗಿದ ಐದೇ ನಿಮಿಷಕ್ಕೆ ಪಾದ್ರಿಯವರ ಕೋಣೆಯಲ್ಲಿ ತುರ್ತು ಕಮಿಟಿ. ದೇವದಾನಪ್ಪನವರು ತಮ್ಮ ಕಣ್ಣೊರೆಸಿಕೊಂಡದ್ದನ್ನು ನೋಡಿದವರಿದ್ದರು. ಆದರೆ ಕಣ್ಣು ಬೇರೆ, ಬಾವುಟ ಬೇರೆ. ಅಯ್ಯನವರು ಮಾತಾಡುವಂತಿಲ್ಲದೆ ಎರಡೂ ಕೈ ಅಲ್ಲಾಡಿಸಿ ಬೇಡ ಬೇಡ ಎಂದರು. ಕೈಸನ್ನೆಯನ್ನು ಮತವೆಂದು ಎಣಿಸುವ ಕ್ರಮವಿಲ್ಲ ಎಂದು ತೀರ್ಮಾನವಾಯಿತು. ಪಟ್ಟಿಯಲ್ಲಿಲ್ಲದ ಹೆಸರನ್ನು ಪೀಠದ ಮೇಲಿಂದಲೇ ಹೇಳಿದ ಕಾರ್ಯದರ್ಶಿಯನ್ನು ಆ ಕ್ಷಣದಿಂದ ತೆಗೆದುಹಾಕಲಾಯಿತು. ನಡವಳಿ ಬರೆಯಲು ಬೇರೆ ಯಾರಿಗೂ ಬರದ ಕಾರಣ ಅದನ್ನೂ ಸಂಜೀವಪ್ಪನೇ ಬರೆದು, ಕೆಳಗೆ ರುಜು ಹಾಕಿ, ಒತ್ತುಕಾಗದ ಒತ್ತಿ, ಪುಸ್ತಕ ಮುಚ್ಚಿಟ್ಟು ಬಂದ. ಈ ಸಲ ಶಾಯಿ ಚೆಲ್ಲಲಿಲ್ಲ.

ರೂತಮ್ಮ ಗೇಟಿನ ಹತ್ತಿರ ಕಾಯುತ್ತಿದ್ದಳು. ಇಬ್ಬರೂ ಕೆರೆಯ ದಾರಿ ಹಿಡಿದರು. ಸ್ವಲ್ಪ ದೂರ ಹೋದ ಮೇಲೆ ಅವಳೇ ಬಾಯಿಬಿಟ್ಟಳು.

"ಮೆಲ್ಲಗೆ ಹೇಳಿದ್ರಿ. ಹಿಂದಿನ ಬೆಂಚಿಗೆ ಕೇಳಿಸ್ಲಿಲ್ವಂತೆ."

"ಇನ್ನು ಹೇಳೋ ಹಾಗೂ ಇಲ್ಲ ಬಿಡು. ಕುರ್ಚಿ ಹೋಯ್ತು."

"ಹೋದ್ರೆ ಹೋಗ್ಲಿ. ಬೆಂಚಿನಿಂದ ಹೇಳಿ. ಬಾಯಿ ಬಿಡಲ್ಲ ಅಂತ ಬರ್ಕೊಟ್ಟಿರೋಳು ನಾನು. ನೀವೇನ್ ಬರ್ಕೊಟ್ಟಿಲ್ವಲ್ಲ?"

ಸಂಜೀವಪ್ಪ ದಾರಿಯಲ್ಲೇ ನಿಂತು ಇಡೀ ಕಡತವನ್ನು ಮನಸ್ಸಿನಲ್ಲಿ ತಿರುವಿಹಾಕಿದ. ಇರಲಿಲ್ಲ. ಅವನಿಂದ ಯಾರೂ ಏನನ್ನೂ ಬರೆಸಿಕೊಂಡಿರಲಿಲ್ಲ.

"ಜಯಶೀಲ," ಎಂದ, ರೂಢಿಗೆಂದು. ಎದುರಿಗೆ ಬರುತ್ತಿದ್ದ ಜಟಕಾದವನು ತಿರುಗಿ ನೋಡಿದ.

"ಇನ್ನೊಂಚೂರು ಜೋರು," ಎಂದಳು ರೂತಮ್ಮ.